ನಿನ್ನನ್ನು ಓದಿಸಿದವರು ಯಾರು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



"ಚೀನಾಕ್ಕ ಹೋಗಿ ಬಂದೀಯಲ್ಲ, ಅಲ್ಲಿ ಮಂದಿ ಹ್ಯಾಂಗ ಇರ್ತಾರ ಅನ್ನೂದು ಹೇಳು" ಎಂದು ಗುರುಗಳು ಅಪ್ಪಣೆ ಮಾಡಿದ್ದಾರೆ. 2019ರ ಜನವರಿಯಲ್ಲಿ ಕಂಪನಿಯ ಕೆಲಸಕ್ಕೆಂದು ಒಂದು ತಿಂಗಳು ಶೆನ್‌ಝೆನ್ ನಗರದಲ್ಲಿದ್ದೆ. ನಾನು ಕಂಡಷ್ಟನ್ನು ಹೇಳುತ್ತೇನೆ.

ಶೆನ್‌ಝೆನ್ ಹಾಂಗ್‌ಕಾಂಗ್‌ಗೆ ಹೊಂದಿಕೊಂಡ ಊರು. 1980ರಲ್ಲಿ ಅದನ್ನು ವಿಶೇಷ ಆರ್ಥಿಕ ವಲಯ ಮಾಡಿದರು. 2020ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 1.75 ಕೋಟಿ. ಹೆಚ್ಚಿನವರು ಬೇರೆ ಊರುಗಳಿಂದ ದುಡಿಯಲು ಬಂದವರು. ನಗರದ 16 ಸಾವಿರಕ್ಕೂ ಹೆಚ್ಚು ಬಸ್ಸುಗಳು 2017ರ ಕೊನೆಗೇ ವಿದ್ಯುತ್ ಬಸ್ಸುಗಳಾಗಿದ್ದವು. ಬಸ್ಸು ಬೆನ್ನ ಹಿಂದೆ ಬಂದು ನಿಂತರೂ ಸಪ್ಪಳವಿಲ್ಲ. ಸುಟ್ಟ ಗೆಣಸು ಮಾರುವ ಅಜ್ಜನ ಗಾಡಿಗೂ ಕ್ಯೂಆರ್ ಕೋಡ್ ನೇತಾಡುತ್ತಿತ್ತು. ನಾನು ನೋಟು ಕೊಟ್ಟರೆ ಚಿಲ್ಲರೆಗಾಗಿ ಆತ ನಾಲ್ಕು ಕಿಸೆ ತಡಕಾಡುತ್ತಿದ್ದ. ಹೋಟೆಲಿನಲ್ಲಿ ನೀರು ಕೇಳಿದರೆ ಬಿಸಿನೀರು ಕೊಡುತ್ತಾರೆ. ಸಂಜೆ ಉದ್ಯಾನಗಳಲ್ಲಿ ವಯಸ್ಸಾದ ಹೆಂಗಸರು ಸಾಲಾಗಿ ನಿಂತು ಹಾಡು ಹಚ್ಚಿ ಕುಣಿಯುತ್ತಾರೆ.

ಆದರೆ ನನಗೆ ಹೆಚ್ಚು ನೆನಪಿರುವುದು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊಟ ಬಡಿಸುತ್ತಿದ್ದ ಒಬ್ಬ ಹೆಣ್ಣುಮಗಳು. ನಾನು ಮಾಂಸ ತಿನ್ನುವುದಿಲ್ಲವೆಂದು ತಿಳಿದ ಮೇಲೆ ದಿನಾ ನನಗಾಗಿ ಬದನೆಕಾಯಿ ಪಲ್ಯ ತೆಗೆದಿಡುತ್ತಿದ್ದಳು. ನಮ್ಮ ಮಾತೆಲ್ಲ ಮೊಬೈಲಿನ ಅನುವಾದದ ಆ್ಯಪ್‌ನಲ್ಲಿ. ಆಕೆಯ ಊರು ಹುನಾನ್ ಪ್ರಾಂತ್ಯದ ಒಂದು ಹಳ್ಳಿ. ಹದಿಮೂರು ವರ್ಷದ ಮಗಳು ಅಲ್ಲೇ ಅಜ್ಜಿಯ ಹತ್ತಿರ. ಚೀನಾದಲ್ಲಿ 1958ರಿಂದ 'ಹುಕೌ' ಎಂಬ ನೋಂದಣಿ ಪದ್ಧತಿ ಇದೆ. ಹೆಸರು ಹಳ್ಳಿಯಲ್ಲಿದ್ದರೆ, ನಗರದಲ್ಲಿ ಎಷ್ಟು ವರ್ಷ ದುಡಿದರೂ ಮಕ್ಕಳಿಗೆ ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಜಾಗ ಸಿಗುವುದು ಕಷ್ಟ. ಹೀಗಾಗಿ ತಾಯಿ ಮಗಳು ಕೂಡುವುದು ವರ್ಷಕ್ಕೊಮ್ಮೆ, ಹೊಸ ವರ್ಷದ ಹಬ್ಬಕ್ಕೆ. ಆ ಸಲ ಹಬ್ಬ ಫೆಬ್ರವರಿ 5ಕ್ಕಿತ್ತು. ಆಕೆ ರೈಲಿನ ದಿನ ಎಣಿಸುತ್ತಿದ್ದಳು.

ಒಂದು ದಿನ ಕೇಳಿದಳು: "ನೀನು ಓದುವಾಗ ನಿನ್ನ ತಾಯಿ ಹತ್ತಿರ ಇದ್ದಳೇ?"

"ಇರಲಿಲ್ಲ" ಎಂದು ಟೈಪ್ ಮಾಡಿದೆ.

"ಹಾಗಾದರೆ ನಿನ್ನನ್ನು ಓದಿಸಿದವರು ಯಾರು?"

ನಿಮ್ಮಲ್ಲಿ ಹಲವರಿಗೆ ಗೊತ್ತು, ನನ್ನ ಅಪ್ಪ ಅವ್ವ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ನಮಗೆ ಅಂಥ ಕಾಯ್ದೆ ಅಡ್ಡಿಯಿರಲಿಲ್ಲ. ಆದರೆ ತಗಡಿನ ಶೆಡ್ಡಿನಲ್ಲಿ ವಾಸ, ಒಂದು ಕಟ್ಟಡ ಮುಗಿದರೆ ಮತ್ತೊಂದು ಊರು, ಅಲ್ಲಿನ ಶಾಲೆಯ ಭಾಷೆಯೂ ಬೇರೆ. ನಾನು ಇಲ್ಲೇ ಅಜ್ಜಿಯ ಹತ್ತಿರ ಉಳಿದೆ. ಅವ್ವ ಭಾನುವಾರ ಕಿರಾಣಿ ಅಂಗಡಿಗೆ ಫೋನ್ ಮಾಡುತ್ತಿದ್ದಳು, ಅಂಗಡಿಯವರು ಓಡಿಬಂದು ಕರೆಯುತ್ತಿದ್ದರು. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟು ಗೋವಾಕ್ಕೆ ಹೋಗಲು ಚೀಲ ಕಟ್ಟಿದ್ದೆ. ಎರಡು ದಿನ ಬರಲಿಲ್ಲವೆಂದು ನಮ್ಮ ಗಣಿತದ ಗುರುಗಳು ಮನೆಗೇ ಬಂದರು. ಬೈಯಲಿಲ್ಲ. ಅಜ್ಜಿಯ ಪಕ್ಕ ಕಟ್ಟೆಯ ಮೇಲೆ ಕುಳಿತು, ನನ್ನ ಒಂದೊಂದು ವಿಷಯದ ಅಂಕ ಬಾಯಿಲೆ ಓದಿ ಹೇಳಿದರು. ಮರುದಿನ ಅಜ್ಜಿಯೇ ನನ್ನನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಹೋದಳು.

"ಅಜ್ಜಿ, ಮತ್ತೆ ನಮ್ಮೂರ ಶಾಲೆ" ಎಂದು ಆಕೆಗೆ ಉತ್ತರ ಬರೆದೆ. ಓದಿ, ಮೊಬೈಲಿನಲ್ಲಿದ್ದ ಮಗಳ ಫೋಟೋ ತೋರಿಸಿದಳು. ಆಮೇಲೆ ಏನೂ ಬರೆಯಲಿಲ್ಲ.

ಈಗಲೂ ನಮ್ಮೂರಲ್ಲಿ ಅಜ್ಜಿಯರ ಹತ್ತಿರ ಬೆಳೆಯುವ ಮಕ್ಕಳಿದ್ದಾರೆ. ಅವರಿಗಾಗಿ ಸಂಜೆ ಪಾಠ ನಡೆಸಲು ತಗಲುವ ಖರ್ಚನ್ನು ನಮ್ಮ ಬ್ಯಾಚಿನವರು ಹೊರುತ್ತೇವೆ. ಊರವರಲ್ಲಿ ನನ್ನ ಬೇಡಿಕೆ ಒಂದೇ. ಆ ಮಕ್ಕಳು ಎರಡು ದಿನ ಶಾಲೆಗೆ ಬರದಿದ್ದರೆ, ಯಾರಾದರೊಬ್ಬರು ಅವರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂಡ್ರಿ. ನನ್ನ ಬಾಳಿಗೆ ಅಷ್ಟೇ ಸಾಕಾಯಿತು.