ಯಂತ್ರದ ಕಿವಿಯೂ ಮನೆಯ ಮಾತೂ

(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮ – ಈ ಐದು ಬಾಗಿಲುಗಳ ಮೂಲಕವೇ ಲೋಕವು ನಮ್ಮೊಳಗೆ ಪ್ರವೇಶಿಸುತ್ತದೆ. ಮನುಷ್ಯನಿಗೆ ದೊರೆತಿರುವ ಈ ಅನುಗ್ರಹಗಳನ್ನು ಸಿಲಿಕಾನ್ ಚೂರುಗಳಲ್ಲಿ ಅನುಕರಿಸುವ ಪ್ರಯತ್ನವು ಕಳೆದ ಕೆಲವು ದಶಕಗಳಲ್ಲಿ ಬಹುದೂರ ಸಾಗಿದೆ. ಅದರ ಫಲವೇನು, ಮಿತಿಯೇನು, ಅದರ ಮುಂದೆ ಕುಟುಂಬದ ಮತ್ತು ಸರಕಾರದ ಹೊಣೆಯೇನು ಎಂಬುದನ್ನು ನಾವಿಲ್ಲಿ ಪರಿಶೀಲಿಸೋಣ.

ಮೊದಲು ಕಣ್ಣಿನ ವಿಷಯ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬ ವಿಜ್ಞಾನಿಗಳು ಸಿಸಿಡಿ ಎಂಬ ಸಂವೇದಕವನ್ನು ರೂಪಿಸಿದರು. ಬೆಳಕು ಸಿಲಿಕಾನ್ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಒಂದೊಂದು ಚುಕ್ಕೆಯಲ್ಲಿ ಅವು ಎಷ್ಟು ಸಂಗ್ರಹವಾದವು ಎಂದು ಲೆಕ್ಕ ಹಾಕಿದರೆ ಚಿತ್ರ ಮೂಡುತ್ತದೆ. ಈ ಸಾಧನೆಗೆ 2009ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಇಂದಿನ ಮೊಬೈಲುಗಳಲ್ಲಿರುವ ಸಂವೇದಕದ ರಚನೆ ಬೇರೆಯಾದರೂ ಬೆಳಕನ್ನು ಹಿಡಿಯುವ ತತ್ವ ಅದೇ.

ಮೂಗಿನ ಕಥೆ ಇನ್ನೂ ಸ್ವಾರಸ್ಯಕರ. 1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ವಾಸನೆ ಗ್ರಹಿಸುವ ಸಾಧನವೊಂದನ್ನು ವಿವರಿಸಿದರು. ಒಂದೊಂದು ವಾಸನೆಗೆ ಒಂದೊಂದು ಸಂವೇದಕ ಬೇಕಿಲ್ಲ. ಬೇರೆ ಬೇರೆ ಬಗೆಯ ಕೆಲವೇ ಸಂವೇದಕಗಳು ಒಟ್ಟಾಗಿ ನೀಡುವ ಪ್ರತಿಕ್ರಿಯೆಯ ವಿನ್ಯಾಸವೇ ಆ ವಾಸನೆಯ ಗುರುತು. ನಮ್ಮ ದೇಶದಲ್ಲಿಯೂ ಕೊಲ್ಕತ್ತದ ಸಿ-ಡ್ಯಾಕ್ ಸಂಸ್ಥೆಯು ಚಹಾದ ಪರಿಮಳವನ್ನು ಅಳೆಯುವ ಎಲೆಕ್ಟ್ರಾನಿಕ್ ಮೂಗನ್ನು ರೂಪಿಸಿದೆ.

ಆದರೆ ಅಳೆಯುವುದು ಬೇರೆ, ಅರಿಯುವುದು ಬೇರೆ. ಸುಮಾರು ಸಾವಿರ ವರ್ಷಗಳ ಹಿಂದೆ ಬಸರಾದಲ್ಲಿ ಜನಿಸಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್, ವಸ್ತುಗಳಿಂದ ಹೊರಟ ಬೆಳಕು ಕಣ್ಣನ್ನು ಪ್ರವೇಶಿಸುವುದರಿಂದಲೇ ದೃಷ್ಟಿ ಸಾಧ್ಯವೆಂದು ಪ್ರತಿಪಾದಿಸಿದರು. ಕಂಡದ್ದನ್ನು ಇಂಥದ್ದೆಂದು ಗುರುತಿಸಲು ಕಣ್ಣಿನಾಚೆಗಿನ ವಿವೇಚನೆ ಬೇಕೆಂದೂ ಅವರು ವಿವರಿಸಿದ್ದರು. ಈ ವ್ಯತ್ಯಾಸವು ಸ್ಪಷ್ಟವಾಗಿ ಕಾಣುವುದು ಕೃತಕ ಕಿವಿಯಲ್ಲಿ.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಒಂದು ಅಂಗವಿದೆ. ಅದರೊಳಗಿನ ಸುಮಾರು 15 ಸಾವಿರ ರೋಮಕೋಶಗಳು ಶಬ್ದದ ಕಂಪನವನ್ನು ಗ್ರಹಿಸಿ ಶ್ರವಣನರಕ್ಕೆ ಮುಟ್ಟಿಸುವ ಕೆಲಸದಲ್ಲಿ ತೊಡಗಿವೆ. ಹುಟ್ಟುಕಿವುಡಿರುವ ಬಹಳಷ್ಟು ಮಕ್ಕಳಲ್ಲಿ ಈ ಕೋಶಗಳು ಕೆಲಸ ಮಾಡುವುದಿಲ್ಲ, ಆದರೆ ನರವು ಸುಸ್ಥಿತಿಯಲ್ಲಿರುತ್ತದೆ. ಸಾಮಾನ್ಯ ಶ್ರವಣ ಸಾಧನವು ಶಬ್ದವನ್ನು ಜೋರು ಮಾಡುತ್ತದೆಯಷ್ಟೇ. ಕಾಕ್ಲಿಯರ್ ಇಂಪ್ಲಾಂಟ್ ಹಾಗಲ್ಲ. ಕಿವಿಯ ಹಿಂಬದಿಯಲ್ಲಿ ಧರಿಸುವ ಯಂತ್ರದ ಮೈಕ್ರೋಫೋನು ಶಬ್ದವನ್ನು ಹಿಡಿಯುತ್ತದೆ, ಚಿಪ್ ಅದನ್ನು ಸ್ವರಮಟ್ಟಗಳಾಗಿ ವಿಂಗಡಿಸುತ್ತದೆ, ಚರ್ಮದಡಿ ಅಳವಡಿಸಿದ ಭಾಗವು ಸಣ್ಣ ಎಲೆಕ್ಟ್ರೋಡುಗಳ ಮೂಲಕ ನೇರವಾಗಿ ನರವನ್ನು ಪ್ರಚೋದಿಸುತ್ತದೆ.

1957ರಲ್ಲಿ ಪ್ಯಾರಿಸಿನಲ್ಲಿ ಜೂರ್ನೋ ಮತ್ತು ಎರಿಯೆಸ್ ಎಂಬವರು ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿ ತೋರಿಸಿದ್ದರು. 1978ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕ್ ಅವರ ತಂಡವು ಹಲವು ಎಲೆಕ್ಟ್ರೋಡುಗಳ ಸಾಧನವನ್ನು ರೋಗಿಯೊಬ್ಬರಿಗೆ ಅಳವಡಿಸಿತು. ಕ್ಲಾರ್ಕ್ ಅವರ ತಂದೆಗೆ ಕಿವಿ ಮಂದವಾಗಿತ್ತು. ತಂದೆಯ ಕಷ್ಟವನ್ನು ಕಂಡು ಬೆಳೆದ ಮಗನ ಸಂಶೋಧನೆಯಿದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 15 ಸಾವಿರ ಕೋಶಗಳ ಜಾಗದಲ್ಲಿ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡುಗಳು. ಮಗುವಿಗೆ ಮಾತು ಹೇಗೆ ಅರ್ಥವಾದೀತು? ಉತ್ತರವಿರುವುದು ಮಗುವಿನ ಮೆದುಳಿನಲ್ಲಿ. ಎಳೆಯ ಮೆದುಳು ಆ ಅಪೂರ್ಣ ಸಂಕೇತಗಳಿಂದಲೇ ಅಮ್ಮನ ಮಾತನ್ನು ಹೆಕ್ಕಿಕೊಳ್ಳಲು ಕಲಿಯುತ್ತದೆ. ಆದರೆ ಈ ಕಲಿಕೆಗೆ ಕಾಲದ ಮಿತಿಯಿದೆ. ಮೂರು ವರ್ಷದೊಳಗೆ ಅಳವಡಿಸಿದರೆ ಫಲ ಹೆಚ್ಚು. ಹುಟ್ಟುಕಿವುಡಿನ ಮಗುವಿಗೆ ಏಳೆಂಟು ವರ್ಷ ದಾಟಿದ ಬಳಿಕ ಶಬ್ದ ಕೇಳಿಸಿದರೂ ಅದು ಮಾತಾಗಿ ಅರಳುವುದು ಬಹಳ ಕಷ್ಟ.

ಆದುದರಿಂದಲೇ ವಿಳಂಬವು ಇಲ್ಲಿ ಕ್ಷಮಿಸದ ಶತ್ರು. "ಗಂಡು ಮಕ್ಕಳು ತಡವಾಗಿ ಮಾತನಾಡುವುದು ಸಹಜ", "ಇವನ ತಂದೆಯೂ ಹೀಗೆಯೇ ಇದ್ದ" ಎಂಬ ಹಿರಿಯರ ಸಮಾಧಾನದಲ್ಲಿ ಒಂದು ವರ್ಷ ಕಳೆಯುತ್ತದೆ. ತಾಯಿತ, ನೂಲುಗಳ ಹಿಂದೆ ಇನ್ನೊಂದು ವರ್ಷ. ನೆಂಟರಿಗೆ ತಿಳಿದರೆ ಅಕ್ಕತಂಗಿಯರ ಮದುವೆಗೆ ತೊಡಕಾದೀತೆಂಬ ಭಯದಲ್ಲಿ ಮತ್ತೊಂದು. ನವಜಾತ ಶಿಶುವಿನ ಕಿವಿಗೆ ಪುಟ್ಟ ಸಾಧನವನ್ನಿರಿಸಿ, ಅದು ನಿದ್ರಿಸುತ್ತಿರುವಾಗಲೇ ಕೆಲವು ನಿಮಿಷಗಳಲ್ಲಿ ಪರೀಕ್ಷಿಸಲು ಸಾಧ್ಯವಿರುವಾಗ ಈ ವರ್ಷಗಳನ್ನು ಕಳೆದುಕೊಳ್ಳುವುದು ಮಗುವಿಗೆ ಮಾಡುವ ಅನ್ಯಾಯವಲ್ಲವೇ?

ಇನ್ನೊಂದು ಅನ್ಯಾಯವನ್ನೂ ಹೇಳಲೇಬೇಕು. ಮಗು ಕಿವುಡೆಂದು ತಿಳಿದ ದಿನ ಹಲವು ಮನೆಗಳಲ್ಲಿ ಬೆರಳು ತಾಯಿಯತ್ತ ತಿರುಗುತ್ತದೆ. ಅನುವಂಶಿಕ ಕಿವುಡುತನದ ಬಹುಪಾಲು ಪ್ರಕರಣಗಳಲ್ಲಿ ದೋಷಯುಕ್ತ ವಂಶವಾಹಿಯು ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಿರುತ್ತದೆ, ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿರುತ್ತದೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಈ ಸಾಧ್ಯತೆ ಹೆಚ್ಚು. ದಕ್ಷಿಣ ಭಾರತದಲ್ಲಿ ಸೋದರಮಾವ, ಅತ್ತೆ ಮಕ್ಕಳ ನಡುವಿನ ಮದುವೆ ಒಂದೇ ಸಮುದಾಯಕ್ಕೆ ಸೀಮಿತವಲ್ಲ. ಸಂಬಂಧ ಕುದುರಿಸುವಾಗ ಆಸ್ತಿ, ವರದಕ್ಷಿಣೆಗಳನ್ನು ಚರ್ಚಿಸುವ ಕುಟುಂಬಗಳು ಈ ವಿಷಯವನ್ನೂ ವೈದ್ಯರೊಂದಿಗೆ ಚರ್ಚಿಸಲಿ. ಸೊಸೆಯನ್ನು ದೂಷಿಸುವ ಬಾಯಿಗಳಿಗೆ ವಿಜ್ಞಾನದ ಬೆಂಬಲವಿಲ್ಲ.

ಖರ್ಚಿನ ಪ್ರಶ್ನೆಯೂ ಇದೆ. ಲಕ್ಷಗಟ್ಟಲೆ ಬೆಲೆಯ ಈ ಸಾಧನವನ್ನು ಕೇಂದ್ರ ಸರಕಾರವು 2014ರಿಂದ ಅಡಿಪ್ ಯೋಜನೆಯಡಿ ಅರ್ಹ ಬಡ ಕುಟುಂಬಗಳ ಮಕ್ಕಳಿಗೆ ಒದಗಿಸುತ್ತಿದೆ. ಮುಂಬೈಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯು ಅದರ ಹೊಣೆ ಹೊತ್ತಿದೆ. ಪರೀಕ್ಷೆ ಮತ್ತು ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲಿಯೇ ಇದೆ. ಆದರೆ ಶಸ್ತ್ರಚಿಕಿತ್ಸೆಯೇ ಕೊನೆಯಲ್ಲ. ಯಂತ್ರವನ್ನು ಮತ್ತೆ ಮತ್ತೆ ಹೊಂದಿಸಬೇಕು, ಬ್ಯಾಟರಿ, ಕೇಬಲ್ ಬದಲಿಸಬೇಕು, ತಿಂಗಳುಗಟ್ಟಲೆ ಮಾತಿನ ತರಬೇತಿ ಕೊಡಿಸಬೇಕು. ಕೇಬಲ್ ಕೊಳ್ಳಲು ಹಣವಿಲ್ಲದೆ ಕಪಾಟು ಸೇರಿದ ಯಂತ್ರವು ಮಗುವನ್ನು ಪುನಃ ನಿಶ್ಶಬ್ದಕ್ಕೆ ತಳ್ಳುತ್ತದೆ.

ಇದು ಎಷ್ಟು ಗಂಭೀರವೆಂಬುದಕ್ಕೆ ಅಮೆರಿಕದ ಸೆಕೆಂಡ್ ಸೈಟ್ ಕಂಪೆನಿಯ ಉದಾಹರಣೆಯಿದೆ. ದೃಷ್ಟಿ ಕಳೆದುಕೊಂಡವರ ಅಕ್ಷಿಪಟಲದ ಮೇಲೆ 60 ಎಲೆಕ್ಟ್ರೋಡುಗಳನ್ನು ಅಳವಡಿಸುವ ಆರ್ಗಸ್-2 ಎಂಬ ಅದರ ಸಾಧನಕ್ಕೆ 2013ರಲ್ಲಿ ಅಲ್ಲಿನ ಸರಕಾರದ ಅನುಮತಿ ದೊರೆತಿತ್ತು. ಜಗತ್ತಿನಾದ್ಯಂತ 350ಕ್ಕೂ ಹೆಚ್ಚು ಮಂದಿ ಅದನ್ನು ಪಡೆದರು. 2019ರಲ್ಲಿ ಕಂಪೆನಿಯು ಅದರ ತಯಾರಿಕೆಯನ್ನು ನಿಲ್ಲಿಸಿತು, 2020ರಲ್ಲಿ ಹೆಚ್ಚಿನ ಸಿಬ್ಬಂದಿಯನ್ನು ತೆಗೆದುಹಾಕಿತು. ಕಣ್ಣೊಳಗೆ ಯಂತ್ರವಿಟ್ಟುಕೊಂಡವರು ದುರಸ್ತಿಗೆ ದಿಕ್ಕಿಲ್ಲದವರಾದರು. ಶರೀರದ ಭಾಗವಾಗಿಬಿಟ್ಟ ಯಂತ್ರವನ್ನು ಕೇವಲ ಮಾರುಕಟ್ಟೆಯ ಲಾಭನಷ್ಟಕ್ಕೆ ಒಪ್ಪಿಸಿದರೆ ಆಗುವುದು ಹೀಗೆಯೇ. ಯಂತ್ರದ ಜೊತೆಗೆ ಅದರ ದುರಸ್ತಿ, ಬಿಡಿಭಾಗ ಮತ್ತು ತರಬೇತಿಗೂ ಸರಕಾರವು ಖಾತರಿ ನೀಡಬೇಕೆಂದು ನಾವು ಒತ್ತಾಯಿಸಬೇಕಾಗಿದೆ.

ಎಲ್ಲ ಮಕ್ಕಳಿಗೂ ಈ ಸಾಧನ ಒಗ್ಗುವುದಿಲ್ಲ ಎಂಬುದನ್ನೂ ಮರೆಯಬಾರದು. ಅವರಿಗೆ ಸಂಜ್ಞಾ ಭಾಷೆಯಿದೆ. ಅದೂ ಸಂಪೂರ್ಣ ಭಾಷೆಯೇ. ಅದನ್ನು ಕಲಿತ ಮಗು ಯಾರಿಗೂ ಕಡಿಮೆಯಲ್ಲ, ಅದನ್ನು ಕಲಿಯದ ಮನೆಯವರೇ ಆ ಮಗುವಿಗೆ ಮೂಗರಾಗುತ್ತಾರೆ.

ಬಂಧುಗಳೇ, ಪ್ರತಿ ಮೊಹಲ್ಲಾದಲ್ಲಿ ಜಮಾಅತ್ ಸಮಿತಿಗಳು, ಮಹಿಳಾ ಸಂಘಗಳು ಒಂದು ಕೆಲಸವನ್ನು ಕೈಗೆತ್ತಿಕೊಳ್ಳಲಿ. ಹೊಸದಾಗಿ ಹುಟ್ಟಿದ ಪ್ರತಿ ಮಗುವಿನ ಶ್ರವಣ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಲಿ. ಆಗಿಲ್ಲವಾದರೆ ಆ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲಿ, ಕಾಗದಪತ್ರ ತುಂಬಲು ವಿದ್ಯಾವಂತ ಯುವಕರು ನೆರವಾಗಲಿ. ಇದಕ್ಕೆ ದೊಡ್ಡ ನಿಧಿ ಬೇಡ, ತಿಂಗಳಿಗೆ ಒಂದೆರಡು ದಿನಗಳ ಪರಿಶ್ರಮ ಸಾಕು.