ಸುಂಕದ ಸೇಡು, ರೈತನ ಹೆಗಲು
(ಹತ್ತಿ ಬೆಳೆಗಾರರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಎರಡು ದೇಶಗಳು ಸುಂಕಕ್ಕೆ ಸುಂಕವೆಂದು ಸೇಡು ತೀರಿಸಿಕೊಳ್ಳುವಾಗ ಪೆಟ್ಟು ಬೀಳುವದು ಯಾರಿಗೆ? ಇದಕ್ಕೆ ನಾನು ದೂರದ ದೃಷ್ಟಾಂತವನ್ನು ತರುವದಿಲ್ಲ. 1932ರಿಂದ 1934ರ ವರೆಗೆ ಹಿಂದುಸ್ಥಾನಕ್ಕೂ ಜಪಾನಿಗೂ ನಡೆದ ಅರಿವೆ-ಹತ್ತಿಗಳ ವ್ಯಾಜ್ಯವನ್ನೇ ತಮ್ಮ ಮುಂದಿಡುವೆನು.

1929ರಲ್ಲಿ ಮೊದಲಾದ ಜಗತ್ತಿನ ಮುಗ್ಗಟ್ಟಿನಿಂದ ಹತ್ತಿಯ ಬೆಲೆ ಕುಸಿದಿತ್ತು. ಸರಕಾರದ ಕಂದಾಯವೂ ಸಾವಕಾರನ ಬಡ್ಡಿಯೂ ರೂಪಾಯಿಗಳಲ್ಲಿ ಗೊತ್ತಾದವು. ಪೇಟೆಯ ಧಾರಣೆ ಇಳಿಯಿತೆಂದು ಅವು ತಾವಾಗಿ ಇಳಿಯುವವಲ್ಲ. ಇತ್ತ 1931ರ ಡಿಸೆಂಬರದಲ್ಲಿ ಜಪಾನು ಚಿನ್ನದ ನಾಣ್ಯಪದ್ಧತಿಯನ್ನು ಬಿಟ್ಟಿತು. ಅದರ ನಾಣ್ಯದ ಬೆಲೆ ಇಳಿದುದರಿಂದ ಅಲ್ಲಿಯ ಅರಿವೆ ಇನ್ನಷ್ಟು ಅಗ್ಗವಾಗಿ ನಮ್ಮ ಸಂತೆಗಳಿಗೆ ಬಂದಿತು. ಮುಂಬಯಿಯ ಗಿರಣಿ ಮಾಲಕರು ಮೊರೆಯಿಟ್ಟರು. ಸರಕಾರವು ಬ್ರಿಟನ್ನಿನದಲ್ಲದ ಹತ್ತಿಯ ಅರಿವೆಯ ಮೇಲಿನ ಸುಂಕವನ್ನು 1932ರ ಆಗಸ್ಟದಲ್ಲಿ ನೂರಕ್ಕೆ 50ಕ್ಕೂ, 1933ರ ಜೂನದಲ್ಲಿ 75ಕ್ಕೂ ಏರಿಸಿತು. ಬ್ರಿಟನ್ನಿನ ಅರಿವೆಗೆ 25 ಮಾತ್ರ! ಪರದೇಶಿ ಅರಿವೆಯನ್ನು ಬಿಡಿರೆಂದು ಮನೆಮನೆಗೆ ಹೋಗಿ ಕೈಮುಗಿದು ಕೇಳುವದು ಬೇರೆ. ಲ್ಯಾಂಕಶಾಯರಕ್ಕೆ ಬಾಗಿಲನ್ನು ತೆರೆದಿಟ್ಟು ಬಡವನ ಕಿಸೆಗೆ ಕೈಹಾಕುವದು ಬೇರೆ. ಇದನ್ನೂ ಸ್ವದೇಶಿಯೆಂದು ಕರೆಯುವವರ ಎದೆಗಾರಿಕೆ ದೊಡ್ಡದು.

ಆ ಸುಂಕದ ಒಂದು ಸಣ್ಣ ಮಾತನ್ನು ವಕೀಲನಾದ ನನ್ನ ಕಣ್ಣು ಬಿಡಲಾರದು. ಸಾದಾ ಕೋರಾ ಅರಿವೆಗೆ ಬೆಲೆಯ ನೂರಕ್ಕೆ 75, ಇಲ್ಲವೆ ರತ್ತಲಿಗೆ 6¾ ಆಣೆ, ಇವುಗಳಲ್ಲಿ ಯಾವದು ಹೆಚ್ಚೋ ಅದನ್ನು ತೆರಬೇಕು. ರತ್ತಲಿಗೆ ಒಂದು ರೂಪಾಯಿ ಬಾಳುವ ಅರಿವೆಯೊಂದಿದೆಯೆಂದಿಟ್ಟುಕೊಳ್ಳಿರಿ. ಅದರ ಸುಂಕ ನೂರಕ್ಕೆ 75ನ್ನು ಮೀರದು. ಎಂಟಾಣೆಯ ಒರಟು ಅರಿವೆಗಾದರೋ ಆರಾಣೆಯ ಬದಲು 6¾ ಆಣೆ, ಅಂದರೆ ನೂರಕ್ಕೆ 84ರ ಮೇಲೆ. ಅರಿವೆ ಅಗ್ಗವಾದಷ್ಟೂ ಸುಂಕ ಭಾರ! ಎಂಟಾಣೆಯ ಕೋರಾ ಉಡುವವರು ಯಾರೆಂಬುದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ.

ಜಪಾನು ಸುಮ್ಮನಿರಲಿಲ್ಲ. ಅಲ್ಲಿಯ ನೂಲುವ ಗಿರಣಿಗಳವರು ಹಿಂದುಸ್ಥಾನದ ಹತ್ತಿಯನ್ನೇ ಕೊಳ್ಳಲಾಗದೆಂದು ಗೊತ್ತುಮಾಡಿದರು. ನಮ್ಮ ಹತ್ತಿಗೆ ಅವರಿಗಿಂತ ದೊಡ್ಡ ಹೊರಗಿರಾಕಿ ಇರಲಿಲ್ಲ. ಅವರು ಹೆಚ್ಚಾಗಿ ಕೊಳ್ಳುತ್ತಿದ್ದುದು ವರ್ಹಾಡ ಮೊದಲಾದ ಕಡೆಗಳ ಗಿಡ್ಡ ಎಳೆಯ ಹತ್ತಿ ನಿಜ. ಆದರೆ ನಮ್ಮ ಕುಮಟಾ ಹತ್ತಿಗೆ ಇದರ ಬಾಧೆಯಿಲ್ಲವೆಂದು ಹುಬ್ಬಳ್ಳಿ-ಗದಗಗಳವರು ನಿಶ್ಚಿಂತರಾಗಿರುವಂತಿರಲಿಲ್ಲ. ಮುಂಬಯಿಯಲ್ಲಿ ಮಾರದ ಬೇಲುಗಳು ಬಿದ್ದಿದ್ದರೆ ಅದರ ನೆರಳು ನಮ್ಮ ಪೇಟೆಗಳ ಮೇಲೂ ಬೀಳುವದೇ ಸರಿ. ಅಡತಿಯವನು ಮಾಲನ್ನು ಕೂಡಿಟ್ಟು ಧಾರಣೆಗೆ ಕಾಯಬಲ್ಲನು. ಕಂದಾಯದ ಕಂತು ಎದುರಿಗಿರುವ ರೈತನು ಕಾಯಲಾರನು. ಹೀಗೆ ಒಂದೇ ಮನೆ ಉಡುವಾಗಲೊಮ್ಮೆ, ಮಾರುವಾಗಲೊಮ್ಮೆ ದಂಡ ತೆತ್ತಿತು. ವಾದಿಯೂ ಅಲ್ಲದ, ಪ್ರತಿವಾದಿಯೂ ಅಲ್ಲದ ಮೂರನೆಯವನ ಮೇಲೆ ಹುಕುಮನಾಮೆಯಾದಂತಾಯಿತು!

1933ರ ಸೆಪ್ಟೆಂಬರದಲ್ಲಿ ಸಿಮ್ಲೆಯಲ್ಲಿ ಸಂಧಾನ ಮೊದಲಾಗಿ, 1934ರ ಜನವರಿಯಲ್ಲಿ ಒಪ್ಪಂದವಾಯಿತು. ಜಪಾನು ವರ್ಷಕ್ಕೆ 10 ಲಕ್ಷ ಬೇಲು ಹತ್ತಿಯನ್ನು ಕೊಂಡರೆ 32½ ಕೋಟಿ ಗಜ ಅರಿವೆಯನ್ನೂ, 15 ಲಕ್ಷ ಕೊಂಡರೆ 40 ಕೋಟಿ ಗಜವನ್ನೂ ಇಲ್ಲಿ ಮಾರಬಹುದು. ಸುಂಕವು ಮರಳಿ 50ಕ್ಕೆ ಇಳಿಯಿತು. ಮೊದಲೇ ಕೂತು ಮಾತಾಡಿದ್ದರೆ ಆಗುತ್ತಿದ್ದ ಕೆಲಸವಿದು.

ಆ ದಿನಗಳಲ್ಲಿ ಕನ್ನಡಿಗ ಬೆಳೆಗಾರನು ಎಲ್ಲಿದ್ದನು? ಧಾರವಾಡದವನು ಮುಂಬಯಿ ಇಲಾಖೆಯಲ್ಲಿ, ಬಳ್ಳಾರಿಯವನು ಮದ್ರಾಸಿನಲ್ಲಿ, ರಾಯಚೂರಿನವನು ನಿಜಾಮರ ಸೀಮೆಯಲ್ಲಿ, ದಾವಣಗೆರೆಯವನು ಮೈಸೂರಿನಲ್ಲಿ. ನುಡಿಯೊಂದು, ಬೆಳೆಯೊಂದು, ದೊರೆತನ ನಾಲ್ಕು! ಮುಂಬಯಿಯ ದನಿಯೆಂದರೆ ಗಿರಣಿಯ ದನಿ. ಅದರೆದುರು ಈ ನಾಲ್ವರು ಒಟ್ಟಾಗಿ ಬಾಯ್ದೆರೆಯುವ ಚಾವಡಿಯೇ ಇರಲಿಲ್ಲ. 1956ರ ನವೆಂಬರ 1ರಂದು ನಾಡು ಒಂದಾಯಿತು. ಆಮದಿನ ಸುಂಕದ ಅಧಿಕಾರ ಕೇಂದ್ರದ್ದೇ, ದಿಟ. ಆದರೆ ಒಂದೇ ಕೊರಳಿನಿಂದ ಕೇಳುವ ಹಕ್ಕು ನಮ್ಮದು. ಪರದೇಶದ ಮೇಲೆ ಸೇಡಿನ ಸುಂಕ ಹೇರುವ ಮೊದಲು ಆ ಮಾಲನ್ನು ಕೊಳ್ಳುವ ಬಡವರನ್ನೂ, ಮರುಪೆಟ್ಟು ತಗಲುವ ಬೆಳೆಗಾರರನ್ನೂ ಕರೆಯಿಸಿ ವಿಚಾರಿಸಬೇಕೆಂಬ ಠರಾವನ್ನು ಸಭೆಯ ಮುಂದಿಡಲು ಅಧ್ಯಕ್ಷರ ಅಪ್ಪಣೆಯನ್ನು ಬೇಡುತ್ತೇನೆ.