ದುಡ್ಡು ಹೋಗುವುದು ಸಣ್ಣಕ್ಷರದಲ್ಲಿ!



ಸಾಲ ಮಾಡಿ ಲಾರಿ ಹಾಕಿರುವ, ಹಾಕಬೇಕೆಂದಿರುವ ನಮ್ಮ ಹುಡುಗರಿಗೆ ನಾಲ್ಕು ಮಾತು ಹೇಳಬೇಕಿದೆ. ನಾನು ಪ್ರೆಸ್ಸಿನವನು. ಕರಾರು ಪತ್ರ, ಲಾರಿ ರಸೀತಿ ಪುಸ್ತಕ ಅಚ್ಚು ಹಾಕುವುದು ನನ್ನ ಕಸುಬು. ಬಾಡಿಗೆ ದಪ್ಪಕ್ಷರದಲ್ಲಿರುತ್ತದೆ, ಷರತ್ತುಗಳು ಇರುವೆ ಸಾಲಿನಂತೆ ಸಣ್ಣಕ್ಷರದಲ್ಲಿರುತ್ತವೆ. ದುಡ್ಡು ಸೋರುವುದು ಆ ಇರುವೆ ಸಾಲಿನಲ್ಲೇ!

ಒಂದು ಲೆಕ್ಕ ಹಿಡಿಯೋಣ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 400 ಕಿ.ಮೀ. ಒಂದು ಪಾರ್ಟಿ 24,000 ರೂಪಾಯಿ ಬಾಡಿಗೆ ಹೇಳುತ್ತದೆ. ಹಣ ಹದಿನೈದು ದಿನಕ್ಕೆ, ಗಾಡಿ ಕಾಯಿಸಿದರೆ ದಿನಕ್ಕೆ 4,000 ಹಾಲ್ಟಿಂಗ್. ಇನ್ನೊಂದು ಪಾರ್ಟಿ 26,000 ಹೇಳುತ್ತದೆ. ಹಣ ಮೂರು ತಿಂಗಳಿಗೆ, ಹಾಲ್ಟಿಂಗ್ ಇಲ್ಲ. ನೀವು ಯಾವುದಕ್ಕೆ ಒಪ್ಪುತ್ತೀರಿ?

ಗೋದಾಮಿನ ಮುಂದೆ ಎರಡು ದಿನ ನಿಂತಿತು ಎನ್ನಿ. ನಿಂತ ಲಾರಿಗೂ ಕಂತು, ವಿಮೆ, ಡ್ರೈವರ್ ಸಂಬಳ ತಪ್ಪುವುದಿಲ್ಲ. ದಿನಕ್ಕೆ 4,000ದಂತೆ 8,000 ಹೋಯಿತು. ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಎರಡಾದರೆ ಮೂರು ತಿಂಗಳಿಗೆ 1,560. ಉಳಿದದ್ದು 16,440. ಮೊದಲ ಪಾರ್ಟಿಯಲ್ಲಿ ಹಾಲ್ಟಿಂಗ್ ಅವರೇ ಕೊಡುತ್ತಾರೆ, ಬಡ್ಡಿ 240 ಮಾತ್ರ. ಉಳಿಯುವುದು 23,760. ದೊಡ್ಡ ಅಂಕಿ ತೋರಿಸಿದವನೇ 7,320 ಕಡಿಮೆ ಕೊಟ್ಟ! ಡೀಸೆಲ್, ಟೋಲ್ ಖರ್ಚು ಇನ್ನೂ ಕಳೆದಿಲ್ಲ.

ಆದ್ದರಿಂದ ದರ ಹೇಳುವ ಮೊದಲು ಐದು ಪ್ರಶ್ನೆ ಕೇಳಿ.

ಒಂದು, ಹಣ ಯಾವತ್ತು? ನೀವು ಸಣ್ಣ ಉದ್ಯಮವೆಂದು ಉದ್ಯಮ್ ನೋಂದಣಿ ಮಾಡಿಸಿದ್ದರೆ 2006ರ ಕಾಯ್ದೆ ನಿಮ್ಮ ಬೆನ್ನಿಗಿದೆ. ಕರಾರಿನಲ್ಲಿ ಏನೇ ಬರೆದಿರಲಿ, ವಾಯಿದೆ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಎರಡು, ಡೀಸೆಲ್ ಏರಿದರೆ ಹೊರೆ ಯಾರಿಗೆ? 2017ರ ಜೂನ್ 16ರಿಂದ ದೇಶದಲ್ಲೆಲ್ಲ ದಿನವೂ ಬೆಲೆ ಪರಿಷ್ಕರಿಸುವ ಪದ್ಧತಿ ಬಂತು. ವರ್ಷದ ಕರಾರಿಗೆ ಒಂದೇ ದರ ಒಪ್ಪಬೇಡಿ. ಸಹಿ ಹಾಕಿದ ದಿನದ ಡೀಸೆಲ್ ಬೆಲೆಯನ್ನು ಕರಾರಿನಲ್ಲೇ ಬರೆಸಿ. ಲೀಟರಿಗೆ 4 ಕಿ.ಮೀ. ಕೊಡುವ ಗಾಡಿಗೆ 400 ಕಿ.ಮೀ.ಗೆ 100 ಲೀಟರ್ ಬೇಕು. ಎರಡು ರೂಪಾಯಿ ಏರಿದರೆ ಬಾಡಿಗೆಯೂ 200 ಏರಬೇಕು.

ಮೂರು, ಮಾಲು ಹಾಳಾದರೆ? ನೋಂದಾಯಿತ ಸಾಗಣೆದಾರನ ಹೊಣೆಗೆ 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳು ಮಿತಿ ಹಾಕಿವೆ. ಸಾಮಾನ್ಯವಾಗಿ ಅದು ಬಾಡಿಗೆಯ ಹತ್ತು ಪಟ್ಟು. ಹೆಚ್ಚಿನ ಹೊಣೆ ಬೇಕೆಂದರೆ ಪಾರ್ಟಿ ಹೆಚ್ಚಿನ ದರ ಕೊಡಬೇಕು. ‘ಪೂರ್ತಿ ಬೆಲೆಯೂ ನಿನ್ನದೇ ಹೊಣೆ’ ಎಂದು ಬರೆದು ಹಳೆಯ ಬಾಡಿಗೆಯನ್ನೇ ಕೊಟ್ಟರೆ ಅದು ವ್ಯಾಪಾರವಲ್ಲ, ಮೋಸ.

ನಾಲ್ಕು, ತೂಕ ಎಷ್ಟು? ಹೆಚ್ಚಿಗೆ ತುಂಬಿಸಿದರೆ, 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ದಂಡ 20,000 ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಒಂದು ಟ್ರಿಪ್ಪಿನ ಬಾಡಿಗೆಯೇ ಹೋಯಿತಲ್ಲ!

ಐದು, ಹಮಾಲಿ ಯಾರದು, ವಾಪಸು ಲೋಡು ಉಂಟೇ? ಖಾಲಿ ಬರಬೇಕಾದರೆ ಬರುವ ದಾರಿಯ ಡೀಸೆಲ್, ಟೋಲ್ ಎಲ್ಲವನ್ನೂ ಹೋಗುವ ಬಾಡಿಗೆಯಲ್ಲೇ ಸೇರಿಸಿ.

ಕರಾರು ಇಂಗ್ಲಿಷಿನಲ್ಲಿದ್ದರೆ ತಿಳಿದವರಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಕೇಳಲು ನಾಚಿಕೆ ಏಕೆ? ಕಂತು ಕಟ್ಟುವವರು ನೀವು. ಕಂತು ತಪ್ಪಿದರೆ ಫೈನಾನ್ಸಿನವರು ಎಳೆದೊಯ್ಯುವುದು ನಿಮ್ಮ ಗಾಡಿಯನ್ನು, ಕರಾರು ಬರೆದವನ ಕಾರನ್ನಲ್ಲ.

‘ನೀನಲ್ಲದಿದ್ದರೆ ಇನ್ನೊಬ್ಬ ಬರುತ್ತಾನೆ’ ಎಂದು ಹೆದರಿಸುತ್ತಾರೆ. ಹೆದರಬೇಡಿ. ನಷ್ಟದ ಲೋಡಿಗಿಂತ ನಿಂತ ಲಾರಿ ಮೇಲು. ಎದುರು ಕುಳಿತು ನೇರವಾಗಿ ಹೇಳಿ: ‘ಸ್ವಾಮಿ, ಷರತ್ತು ನಿಮ್ಮದಾದರೆ ದರ ನನ್ನದು. ದರ ನಿಮ್ಮದಾದರೆ ಷರತ್ತು ನನ್ನದು.’